ಸುಂಕದವನ ಕೈಗೆ ಸಿಗದ ಮಾಲು

"ಬುದ್ಧಿ, ಹೊರದೇಶದ ಊರುಗಳನ್ನು ನೋಡಿ ನಾವು ಕಲಿಯುವುದು ಏನಾದರೂ ಇದೆಯೇ?" ಎಂದು ಶಿಷ್ಯ ಕೇಳಿದ.

ಕೇಳಿದವನ ಹೆಸರು ರೇವಯ್ಯ. ಮಠದ ಅತಿಥಿಗೃಹ ಅವನ ಉಸ್ತುವಾರಿಯಲ್ಲಿತ್ತು. ಅಲ್ಲಿನ ಒಂದೊಂದು ಕೋಣೆಯ ಬಾಗಿಲ ಮೇಲೂ ಅದನ್ನು ಕಟ್ಟಿಸಿಕೊಟ್ಟ ದಾನಿಯ ಹೆಸರಿತ್ತು. ದಾನಿಗಳು ವರ್ಷಕ್ಕೊಮ್ಮೆ ತೀರಿಹೋದ ಹಿರಿಯ ಗುರುಗಳ ಸ್ಮರಣೋತ್ಸವಕ್ಕೆ ಬಂದು ಒಂದು ರಾತ್ರಿ ಉಳಿಯುತ್ತಿದ್ದರು. ಉಳಿದ ದಿನಗಳಲ್ಲಿ ಬೀಗ. ಬೀಗದ ಕೈಗೊಂಚಲು ರೇವಯ್ಯನ ಸೊಂಟದಲ್ಲಿರುತ್ತಿತ್ತು. ಈಗಿನ ಗುರುಗಳಿಗೂ ವಯಸ್ಸಾಗಿತ್ತು, ಅವರು ಹೊರಗೆ ಬರುವುದು ಅಪರೂಪ. ರೇವಯ್ಯ ಬರುತ್ತಿದ್ದಾನೆಂದು ಆ ಗೊಂಚಲಿನ ಸದ್ದಿನಿಂದಲೇ ತಿಳಿಯುತ್ತಿದ್ದರು.

"ಈಗ ಯಾಕೆ ಬಂತು ಈ ಯೋಚನೆ?" ಎಂದರು.

"ನಮ್ಮೂರಿಗೆ ಕೆಲಸ ಹುಡುಕಿಕೊಂಡು ಬಂದವರಿಗೆ ಸೂರಿಲ್ಲ ಬುದ್ಧಿ. ಮಠದ ಜಗಲಿಯ ಮೇಲೇ ಒಂದು ಸಂಸಾರ ಮಲಗುತ್ತಿದೆ. ಹೆಂಗಸು ತುಂಬಿದ ಬಸುರಿ. ಪಾಪ, ನಾನೇ ಒಂದು ಚಾಪೆ ಕೊಟ್ಟಿದ್ದೇನೆ. ಇಂಥ ಕಷ್ಟಕ್ಕೆ ದಾರಿ ಕಂಡುಕೊಂಡ ಊರುಗಳು ಹೊರದೇಶದಲ್ಲಿವೆಯಂತೆ. ನೋಡಿಕೊಂಡು ಬರಲು ನಗರಸಭೆಯವರು ಒಂದು ತಂಡ ಕಳಿಸುತ್ತಿದ್ದಾರೆ, ಮಠದ ಪರವಾಗಿ ನನ್ನನ್ನೂ ಕರೆದಿದ್ದಾರೆ. ತಮ್ಮ ಅಪ್ಪಣೆಯಾದರೆ ಹೋಗಿ ಬರುತ್ತೇನೆ."

"ಚಾಪೆ ಕೊಟ್ಟೆಯಾ? ಒಳ್ಳೆಯದು," ಎಂದರು ಗುರುಗಳು. "ಕಲಿಯಲು ದೂರ ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ. ಅನುಮಾನ ಮಾತ್ರ ಇದೆ. ಕೂತುಕೋ, ಹೇಳುತ್ತೇನೆ."

ಒಂದು ಬಂದರಿನ ಊರು. ಹಡಗು ಹೆಚ್ಚಿದಂತೆ ಕೂಲಿ ಹೆಚ್ಚಿತು, ಕೂಲಿ ಹೆಚ್ಚಿದಂತೆ ಜನ ಹೆಚ್ಚಿದರು. ಮನೆ ಮಾತ್ರ ಹೆಚ್ಚಲಿಲ್ಲ. ಜನ ಗಾಡಿಗಳ ಕೆಳಗೆ, ಅಂಗಡಿಗಳ ಮುಂದೆ, ಮಗುಚಿ ಹಾಕಿದ ದೋಣಿಗಳ ಅಡಿಯಲ್ಲಿ ಮಲಗಿದರು. ಇದ್ದ ಬಾಡಿಗೆ ಕೋಣೆಗಳಲ್ಲಿ ಬಹುಪಾಲು ಒಬ್ಬ ವರ್ತಕನಿಗೆ ಸೇರಿದ್ದವು.

ಆ ವರ್ತಕನೇ ಅರಸನ ಬಳಿ ಹೋದ. "ಪ್ರಭು, ಕಡಲಾಚೆ ಒಂದು ಊರಿದೆ. ಅಲ್ಲಿ ಹೊರಗೆ ಮಲಗುವವರೇ ಇಲ್ಲವಂತೆ. ಅಪ್ಪಣೆ ಕೊಡಿ, ನನ್ನ ಖರ್ಚಿನಲ್ಲೇ ಹೋಗಿ ಕಲಿತು ಬರುತ್ತೇನೆ" ಎಂದ.

ಅರಸನಿಗೆ ಸಂಶಯ ಬಂತು. ವರ್ತಕನೊಬ್ಬ ಸ್ವಂತ ಖರ್ಚಿನಲ್ಲಿ ಊರಿಗೆ ಉಪಕಾರ ಮಾಡಲು ಹೊರಟರೆ ಯಾರಿಗೆ ತಾನೇ ಬರುವುದಿಲ್ಲ? ಹೋಗಲು ಬಿಟ್ಟ. ಆದರೆ ಬಂದರಿನ ಸುಂಕದವನನ್ನು ಗುಟ್ಟಾಗಿ ಕರೆಸಿ ಹೇಳಿದ: "ಅವನು ಹಿಂದಿರುಗಿದಾಗ ಗಂಟುಮೂಟೆಯನ್ನೆಲ್ಲ ಬಿಚ್ಚಿ ನೋಡು. ಊರಿನ ಹೆಸರು ಹೇಳಿಕೊಂಡು ಏನು ಸಾಗಿಸುತ್ತಾನೋ! ಈ ಕೆಲಸ ಸರಿಯಾಗಿ ಮಾಡು. ಹೊಸ ಮನೆಗಳು ಎದ್ದಾಗ ಒಂದು ನಿನಗೆ."

ಅರಸ ಆರಿಸಿದ ಆಳು ತಕ್ಕವನೇ. ಆ ಸುಂಕದವನು ಯಾರನ್ನೂ ನಂಬಿದವನಲ್ಲ. ಅಕ್ಕಿಮೂಟೆಗೆ ಸಲಾಕೆ ಚುಚ್ಚದೆ ಬಿಡುತ್ತಿರಲಿಲ್ಲ. ಎಣ್ಣೆಯ ಗಡಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸುತ್ತಿದ್ದ. ಮದುವೆಯ ದಿಬ್ಬಣ ಬಂದರೆ ಮದುಮಗನ ಪೇಟ ಬಿಚ್ಚಿಸುತ್ತಿದ್ದ. ಸ್ವಂತ ಮಾವ ಹಲಸಿನ ಹಣ್ಣು ಹೊತ್ತು ತಂದಾಗ ಅದನ್ನೂ ಕೊಯ್ದು ನೋಡಿ, ಮಾವನಿಂದ ಬೈಸಿಕೊಂಡು, ಆಮೇಲೆ ಒಳಗೆ ಬಿಟ್ಟಿದ್ದ.

ಇಷ್ಟು ನಿಷ್ಠೆಯಿಂದ ಊರು ಕಾದರೂ ಆ ಊರಲ್ಲಿ ಅವನಿಗೆ ಮನೆಯಿರಲಿಲ್ಲ. ಸುಂಕದ ಕಟ್ಟೆಯ ಹಿಂದೆ ಇಳಿಬಿಟ್ಟ ಮಾಡಿನ ಕೆಳಗೆ, ಸುತ್ತಲೂ ಗೋಣಿತಟ್ಟು ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಅಲ್ಲೇ ಹುಟ್ಟಿದ ಕೂಸು ಥಂಡಿ ಹಿಡಿದು ತೀರಿಕೊಂಡಿತ್ತು. ಅರಸನ ಮಾತನ್ನು ಹೆಂಡತಿಗೆ ಹೇಳಿದಾಗ ಅವಳು, "ಇನ್ನೊಂದು ಆಗುವುದಾದರೆ ಗೋಡೆಯ ಒಳಗೆ ಆಗಲಿ" ಎಂದಳು. ಬೇರೆ ಏನನ್ನೂ ಅವಳು ಕೇಳಲಿಲ್ಲ.

ವರ್ತಕ ಹಿಂದಿರುಗಿದ. ಅವನ ಪೆಟ್ಟಿಗೆಯಲ್ಲಿದ್ದದ್ದು ಮರದಲ್ಲಿ ಮಾಡಿದ ಒಂದು ಪುಟ್ಟ ಮನೆ, ಅಂತಸ್ತಿನ ಮೇಲೆ ಅಂತಸ್ತು. ಜೊತೆಗೆ ಸುಟ್ಟ ಇಟ್ಟಿಗೆ, ನೆಲಹಾಸಿನ ಕಲ್ಲಿನ ತುಂಡು, ಅಳತೆಯ ಹಗ್ಗ. ಸುಂಕದವನು ಪುಟ್ಟ ಮನೆಯ ಚಾವಣಿ ಎತ್ತಿ ನೋಡಿದ. ಇಟ್ಟಿಗೆಯನ್ನು ಒಡೆದು ನೋಡಿದ. ವರ್ತಕನ ಜುಬ್ಬದ ಅಂಚು ಹಿಡಿದು ಒತ್ತಿ ನೋಡಿದ. ಕದ್ದು ತಂದದ್ದು ಏನೂ ಸಿಗಲಿಲ್ಲ. ಅಷ್ಟು ಹೊತ್ತೂ ವರ್ತಕ ನಗುತ್ತ ನಿಂತಿದ್ದ. ಆ ನಗು ಸುಂಕದವನಿಗೆ ಸರಿ ಕಾಣಲಿಲ್ಲ. ಆದರೆ ನಗುವಿಗೆ ಸುಂಕವಿಲ್ಲವಲ್ಲ! ಮುದ್ರೆ ಹಾಕಿ ಒಳಗೆ ಬಿಟ್ಟ.

ಅರಸ ಜಾಗ ಕೊಟ್ಟ. ವರ್ತಕ ಆ ಮಾದರಿಯಂತೆಯೇ ಸಾಲು ಮನೆಗಳನ್ನು ಕಟ್ಟಿಸಿದ. ನೋಡಲು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ? ಕಟ್ಟಿಸಿದವನು ಅವನಾದ್ದರಿಂದ ಬೀಗದ ಕೈಗಳು ಅವನ ಬಳಿಯೇ ಉಳಿದವು. ಸುಂಕದವನು ಹೋಗಿ ತನ್ನ ಮನೆ ಯಾವುದೆಂದು ಕೇಳಿದರೆ, ವರ್ತಕ "ಗಾರೆ ಒಣಗಲಿ" ಎಂದ. ಗಾರೆ ಒಣಗಿದ ಮೇಲೆ ಹೋದರೆ, "ಒಳ್ಳೆಯ ದಿನ ಬರಲಿ" ಎಂದ. ಮನೆ ಸಿಗದಷ್ಟೂ ತನ್ನ ಹಳೆಯ ಕೋಣೆಗಳಿಗೆ ಜನ ಮುಗಿಬೀಳುತ್ತಾರೆ ಎಂಬುದು ವರ್ತಕನಿಗೆ ಗೊತ್ತಿತ್ತು. ಈ ನಡುವೆ ಸುಂಕದವನ ಹೆಂಡತಿ ಮತ್ತೆ ಬಸುರಿಯಾದಳು. ಮಳೆಗಾಲ ಹತ್ತಿರ ಬಂತು.

ಒಂದು ಸಂಜೆ ಕಡಲಾಚೆಯ ಆ ಊರಿನದೇ ಹಡಗು ಬಂತು. ಅದರ ಅಡುಗೆಯವನು ಮೆಣಸು ಕೊಳ್ಳಲು ಇಳಿದು ಸುಂಕದ ಕಟ್ಟೆಗೆ ಬಂದ. ಹೊಸ ಮನೆಗಳ ಸಾಲನ್ನು ಕಂಡು, "ಥೇಟು ನಮ್ಮೂರಿನ ಹಾಗೆಯೇ ಕಟ್ಟಿದ್ದೀರಿ" ಎಂದು ಸಂತೋಷಪಟ್ಟ. ಆಮೇಲೆ ಕಣ್ಣು ಕಿರಿದು ಮಾಡಿ, "ಅಡುಗೆಯ ಹೊತ್ತಾದರೂ ಒಂದು ಮನೆಯಿಂದಲೂ ಹೊಗೆ ಏಳುತ್ತಿಲ್ಲವಲ್ಲ?" ಎಂದು ಕೇಳಿದ.

"ಬೀಗ ಹಾಕಿದೆ."

"ಬೀಗವೇ? ನಮ್ಮಲ್ಲಿ ಒಂದು ಮಳೆಗಾಲ ಬೀಗ ಹಾಕಿಟ್ಟ ಮನೆಯನ್ನು ಊರವರೇ ತೆರೆಸಿ, ಮನೆಯಿಲ್ಲದವರಿಗೆ ಕೊಡುತ್ತಾರೆ. ನಿಮ್ಮ ವರ್ತಕನಿಗೆ ನಮ್ಮ ಹಿರಿಯರು ಮೊದಲು ಹೇಳಿದ್ದೇ ಅದನ್ನು. ಅವತ್ತು ಊಟ ಬಡಿಸುತ್ತಿದ್ದವನು ನಾನೇ."

ಸುಂಕದವನು ಅದನ್ನೂ ನಂಬಲಿಲ್ಲ. "ಹಾಗಾದರೆ ನಿಮ್ಮೂರಲ್ಲಿ ಬಡವರೇ ಇಲ್ಲವೋ?" ಎಂದ.

"ಇದ್ದಾರೆ. ಮನೆಯೊಳಗೆ ಇದ್ದಾರೆ."

ಒಳಗೆ ಕದ್ದು ತಂದ ಮಾಲನ್ನು ಹಿಡಿಯುವುದು ಸುಂಕದವನಿಗೆ ಗೊತ್ತಿತ್ತು. ಬೇಕೆಂದೇ ಅಲ್ಲಿ ಬಿಟ್ಟು ಬಂದ ಕಟ್ಟಳೆಯನ್ನು ಯಾವ ಸಲಾಕೆಯಿಂದ ಚುಚ್ಚಿ ನೋಡುವುದು? ನಿಂತ ನಿಲುವಿನಲ್ಲಿ ಅರಮನೆಗೆ ಓಡಿದ.

ಅರಸ ವರ್ತಕನನ್ನು ಕರೆಸಿ, ಅಡುಗೆಯವನು ಹೇಳಿದ್ದು ನಿಜವೇ ಎಂದು ಗದರಿಸಿದ. ವರ್ತಕ ತಲೆ ಬಾಗಿಸಿ, "ನಿಜ ಪ್ರಭು. ಆದರೆ ನಾನು ಏನನ್ನಾದರೂ ಬಚ್ಚಿಟ್ಟೆನೇ? ಗಂಟು ಬಿಚ್ಚಿ ನೋಡಿದವನು ಇಲ್ಲೇ ನಿಂತಿದ್ದಾನೆ, ಕೇಳಿ" ಎಂದ. ವರ್ತಕ ಮತ್ತೆ ಮೆಲ್ಲಗೆ ಹೇಳಿದ: "ಪ್ರಭುಗಳ ಅಪ್ಪಣೆಯಾದರೆ ಆ ಕಟ್ಟಳೆಯನ್ನು ನಾಳೆಯೇ ಸಾರಿಸೋಣ. ಬೆಟ್ಟದ ಮೇಲೆ ಪ್ರಭುಗಳ ಬೇಸಿಗೆ ಅರಮನೆಯಿದೆ. ಅದಕ್ಕೆ ಬೀಗ ಹಾಕಿ ಎಷ್ಟು ಮಳೆಗಾಲವಾಯಿತೋ, ನನಗೆ ನೆನಪಿಲ್ಲ."

ಅರಸ, "ಆ ಕಟ್ಟಳೆ ನಮ್ಮೂರಿನ ಹವೆಗೆ ಒಗ್ಗುವುದಿಲ್ಲ. ಬೇರೆ ಯಾವುದಾದರೂ ಊರಿಗೆ ಹೋಗಿ ಕಲಿತು ಬಾ" ಎಂದು ವರ್ತಕನಿಗೆ ವೀಳ್ಯ ಕೊಟ್ಟ.

ಸುಂಕದವನು ಮರಳಿ ಬಂದಾಗ ಹೆಂಡತಿ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ. ಅವಳು ಎದ್ದು ಗೋಣಿತಟ್ಟುಗಳನ್ನು ಬಿಗಿಯಾಗಿ ಕಟ್ಟತೊಡಗಿದಳು. ಆ ವಾರವೇ ಮಳೆ ಹಿಡಿಯಿತು, ಕೂಸು ಮಾಡಿನ ಕೆಳಗೇ ಹುಟ್ಟಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹೊರಗೆ ಜಗಲಿಯ ಮೇಲೆ ಯಾರೋ ಚಾಪೆ ಕೊಡವಿದ ಸದ್ದು ಕೇಳಿಸಿತು.

"ಆ ಕೂಸು ಉಳಿಯಿತೇ, ಬುದ್ಧಿ?" ಎಂದು ರೇವಯ್ಯ ಕೇಳಿದ. ಅವನ ಕೈ ಅವನಿಗೇ ತಿಳಿಯದಂತೆ ಸೊಂಟದ ಗೊಂಚಲನ್ನು ಸದ್ದಾಗದ ಹಾಗೆ ಹಿಡಿದುಕೊಂಡಿತ್ತು.

ಗುರುಗಳು ಆ ಕೈಯನ್ನೇ ನೋಡುತ್ತ ಹೇಳಿದರು: "ನೀನು ಧಾರಾಳವಾಗಿ ಹೋಗಿ ಬಾ ರೇವಯ್ಯ, ಆ ಗೊಂಚಲನ್ನು ಮಾತ್ರ ಜಗಲಿಯ ಮೇಲಿರುವ ಹೆಣ್ಣುಮಗಳ ಕೈಗೆ ಕೊಟ್ಟು ಹೋಗು."