ಹಂಚಿನದಿನ್ನಿಯ ಬರ್ತೀನಿ ಅಗಸಿ

ಹಂಚಿನದಿನ್ನಿ ಸಣ್ಣ ಊರು. ಹಳೆಯದನ್ನು ನೋಡಲು ಬರುವವರಿಗೆ ಇಲ್ಲಿರುವುದು ಹುಡೇವು ಎನ್ನುವ ಕುಸಿದ ಒಂದು ಕಾವಲು ಬುರುಜು, ಕಲ್ಲುಕಂಬಗಳ ಹನುಮಪ್ಪನ ಗುಡಿ, ಅಲ್ಲಲ್ಲಿ ಉಳಿದ ಕೋಟೆಗೋಡೆ ಮತ್ತು ಊರಬಾಗಿಲುಗಳಾದ ಎರಡು ಅಗಸಿಗಳು. ಉತ್ತರದ ಅಗಸಿಯಲ್ಲಿ ಈಗಲೂ ಟ್ರ್ಯಾಕ್ಟರುಗಳು ಓಡಾಡುತ್ತವೆ. ದಕ್ಷಿಣದ್ದರ ಕಮಾನು ಅದಕ್ಕಿಂತ ಚೆಲುವಾದದ್ದು. ಆದರೆ ಅದರ ಬಾಯಿಗೆ ತಳದಿಂದ ತುದಿಯವರೆಗೆ ಕಲ್ಲು ತುಂಬಿದೆ. ಸಿಹಿನೀರಿನ ಬಾವಿ ಇರುವುದು ಅದರಾಚೆಗೇ. ನಲ್ಲಿಯಲ್ಲಿ ನೀರು ಬಾರದ ದಿನ ಹೆಂಗಸರು ಕೊಡ ಹೊತ್ತು ಊರೆಲ್ಲ ಸುತ್ತಿ ಬರುತ್ತಾರೆ. ಕಲ್ಲು ತೆಗೆಯೋಣವೆಂದು ಯಾರೂ ಹೇಳುವುದಿಲ್ಲ. ಆ ಬಾಗಿಲಿಗೆ ‘ಬರ್ತೀನಿ ಅಗಸಿ’ ಎಂದು ಹೆಸರು.

ಹಿಂದೆ ಒಮ್ಮೆ, ಸುಗ್ಗಿಯಲ್ಲಿ ದಂಡು ಬಂದು ಕಾಳು ದೋಚುತ್ತಿದ್ದ ಕಾಲದಲ್ಲಿ, ತಳವಾರ ದುರುಗಪ್ಪನೆಂಬವನು ಈ ಅಗಸಿಯನ್ನು ಕಾಯುತ್ತಿದ್ದ. ಒಂದು ಮಧ್ಯಾಹ್ನ ದೂರದಲ್ಲಿ ಧೂಳೆದ್ದಿತು. ಅವನು ಕದಕ್ಕೆ ಕೈ ಹಾಕಿದ. ಆದರೆ ಊರಗೌಡ ಅಮರಪ್ಪನ ಜೋಳದ ಬಂಡಿಗಳು ಇನ್ನೂ ಹೊರಗಿದ್ದವು. ಅವು ಬರುವವರೆಗೆ ತೆರೆದಿಡೆಂದು ಗೌಡ ಕೂಗಿ ಹೇಳಿದ. ಬಂಡಿಗಳು ಬಂದವು. ಅವುಗಳ ಹಿಂದೆಯೇ ದಂಡಿನ ಕುದುರೆಗಳೂ ಬಂದವು. ಕತ್ತಿ ಹಿಡಿದು ಅಡ್ಡ ನಿಂತ ದುರುಗಪ್ಪ ಕಮಾನಿನ ಕೆಳಗೇ ಬಿದ್ದ. ಊರು ಸುಲಿಗೆಯಾಯಿತು. ಆಮೇಲೆ ಊರಿಗೆ ಒಬ್ಬ ತಪ್ಪಿತಸ್ಥ ಬೇಕಾಗಿತ್ತು; ಸತ್ತವನು ಎದುರಾಡುವಂತಿರಲಿಲ್ಲ. ತಳವಾರನೇ ವೈರಿಗೆ ಬಾಗಿಲು ತೆರೆದನೆಂದರು.

ಅವನ ಹೆಂಡತಿ ಹುಲಿಗೆವ್ವ ಗಂಡನ ಹೆಸರಿಗೊಂದು ವೀರಗಲ್ಲು ಕೆತ್ತಿಸಿ, ಅದನ್ನು ಅಗಸಿಯಲ್ಲಿ ನಿಲ್ಲಿಸಲು ಅಪ್ಪಣೆ ಕೇಳಿ, ಊರ ಹಿರಿಯರು ಕೂತಿದ್ದ ಗುಡಿಯ ಕಟ್ಟೆಯ ಮುಂದೆ ನಿಂತಳು ಎನ್ನುತ್ತಾರೆ. “ಬಾಗ್ಲಾ ತೆಗದಾವ್ಗ ಕಲ್ಲು ಬ್ಯಾರೆ ಕೇಡು!” ಎಂದ ಗೌಡ. “ನಿಲ್ಲಸೂನು ಬಿಡ್ರಿ ಗೌಡ್ರ, ಕೈಯಾಗ ಕತ್ತಿ ಬದ್ಲಿ ಬಾಗ್ಲದ ಅಗಳಿ ಕೆತ್ತಿಸಿದ್ರಾತು,” ಎಂದೊಬ್ಬ ಎಲ್ಲರನ್ನೂ ನಗಿಸಿದ. ಹುಲಿಗೆವ್ವ ನಗು ನಿಲ್ಲುವವರೆಗೆ ಕಾದಳು. “ಗಾಯ ಎದಿಗಿದ್ವೋ ಬೆನ್ನಿಗಿದ್ವೋ, ಹೆಣಾ ಹೊತ್ತಾವ್ರು ಹೇಳ್ರಿ. ಯಾರ ಬಂಡಿಗೆ ಬಾಗ್ಲಾ ತೆಗದಿತ್ತು, ಅದನ್ನೂ ಹೇಳ್ರಿ.” ಊರು ಬಿಟ್ಟು ಹೋಗೆಂದ ಗೌಡ. ಕಲ್ಲನ್ನು ಅಲ್ಲೇ ಬಿಟ್ಟು ನಡೆದವಳು ಕಮಾನಿನ ಕೆಳಗೆ ಒಮ್ಮೆ ತಿರುಗಿ, “ಬರ್ತೀನಿ,” ಎಂದಳು.

ನಮ್ಮ ನಾಡಿನಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಅದು ತಿರುಗಿ ಬಾರದವರ ಮಾತು. ಬರುತ್ತೇನೆ ಎನ್ನುತ್ತಾರೆ. ಹುಲಿಗೆವ್ವ ರೂಢಿಯಂತೆ ಅಷ್ಟೇ ಅಂದಿರಬಹುದು. ಕಟ್ಟೆಯ ಮೇಲಿದ್ದವರಿಗೆ ಅದು ಹಾಗೆ ಕೇಳಿಸಲಿಲ್ಲ. ಬರುತ್ತಾಳೆ, ಸರಿ, ಯಾರನ್ನು ಕರೆದುಕೊಂಡು? ಸಂಜೆಯೊಳಗೆ ಅಗಸಿಗೆ ಕಲ್ಲು ತುಂಬಿದರು. ಕಲ್ಲು ಸಾಲದಾದಾಗ ಅವಳ ವೀರಗಲ್ಲನ್ನೂ ಮುಖ ಒಳಗೆ ಮಾಡಿ ಗೋಡೆಗೆ ಸೇರಿಸಿದರು. ಅವಳು ಕೇಳಿದ ಜಾಗವೇ ಅದಕ್ಕೆ ಸಿಕ್ಕಿತು. ಅವಳು ಮತ್ತೆ ಬರಲಿಲ್ಲ.

ಒಡ್ಡುಕಲ್ಲುಗಳ ನಡುವೆ ಉದ್ದನೆಯ ಚಪ್ಪಡಿಯೊಂದರ ಬೆನ್ನು ಈಗಲೂ ಕಾಣುತ್ತದೆ. ಅದರ ಮುಖ ಕಂಡವರಿಲ್ಲ. ಈ ಊರಿನವರು ಮಾತ್ರ ಹೊರಡುವಾಗ ‘ಹೋಗ್ತೀನಿ’ ಎನ್ನುತ್ತಾರೆ. ಹೊಸ ಸೊಸೆಯಂದಿರು ಮೊದಲು ಬೆಚ್ಚುತ್ತಾರೆ, ಆಮೇಲೆ ಕಲಿಯುತ್ತಾರೆ. ನೋಡಲು ಬಂದವರು ತಿಳಿಯದೆ ‘ಬರ್ತೀವ್ರಿ’ ಎಂದರೆ ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿ ಅಗಸಿಯ ಕಡೆ ನೋಡುತ್ತಾರೆ. ಬನ್ನಿ ಎನ್ನುವುದಿಲ್ಲ.