ಶಿಲುಬೆಯ ಮುಂದೆ ಗುಬ್ಬಚ್ಚಿ

ಚರ್ಚಿನ ತೊಲೆಯ ಮೇಲೆ ಗೂಡು ಕಟ್ಟಿದ್ದ ಗುಬ್ಬಚ್ಚಿಯ ಮರಿ ಎರಡು ದಿನಗಳಿಂದ ಕೊಕ್ಕು ತೆರೆದಿರಲಿಲ್ಲ. ದಿಕ್ಕು ತೋಚದ ತಾಯಿ, ಶಿಲುಬೆಯ ಮೇಲಿನ ಯೇಸುವಿಗೆ ಹೇಳಿಕೊಳ್ಳೋಣವೆಂದು ಕೆಳಗಿಳಿದು ಬಂತು. ಶಿಲುಬೆಯ ಹಿಂದೆ ಬಹುಕಾಲದಿಂದ ವಾಸವಾಗಿದ್ದ ಹಲ್ಲಿ ಅದನ್ನು ತಡೆಯಿತು.

“ತಂಗಿ, ಇವನು ದೇವರು. ದೇವರಿಗೆ ಹಸಿವೂ ಇಲ್ಲ, ನೋವೂ ಇಲ್ಲ. ನಿನ್ನ ಸಂಕಟ ಅವನಿಗೆ ಹೇಗೆ ತಿಳಿದೀತು?”

“ಆದರೆ ಅಂಗೈಯಲ್ಲಿ ಮೊಳೆಯ ಗಾಯವಿದೆಯಲ್ಲ,” ಎಂದಿತು ಗುಬ್ಬಚ್ಚಿ.

“ಗಾಯವಾಗಿದ್ದರೆ ಅವನು ಮನುಷ್ಯ. ಮನುಷ್ಯನಿಂದ ಏನಾದೀತು?”

ಎರಡೂ ನಿಜವೆನಿಸಿ ಗುಬ್ಬಚ್ಚಿಯ ಎದೆ ಕುಸಿಯಿತು. ಅದು ಹಿಂದಿರುಗಬೇಕು ಎನ್ನುವಷ್ಟರಲ್ಲಿ ಮೀನು ಮಾರುವ ಸೆವೆರಿನಾ ಬಾಯಿ ಒಳಗೆ ಬಂದು ಮೊಣಕಾಲೂರಿದಳು.

“ಯೇಸುವೇ, ಮಗಳಿಗೆ ನಿನ್ನೆಯಿಂದ ಹೆರಿಗೆ ನೋವು. ನೋವು ಉಂಡವನು ನೀನು, ಅದಕ್ಕೇ ನಿನ್ನ ಹತ್ತಿರ ಹೇಳುತ್ತಿದ್ದೇನೆ. ಜೀವ ಕೊಡುವವನೂ ನೀನೇ, ಅದಕ್ಕೇ ನಿನ್ನನ್ನು ಬೇಡುತ್ತಿದ್ದೇನೆ.”

ಅವಳು ಹೋದ ಮೇಲೆ ಗುಬ್ಬಚ್ಚಿ ಕೇಳಿತು: “ಅಣ್ಣ, ಅವಳು ಎಷ್ಟು ಜನರೊಡನೆ ಮಾತಾಡಿದಳು?”

“ಒಬ್ಬನೊಡನೆ,” ಎಂದು ಹಲ್ಲಿ ಒಪ್ಪಿಕೊಂಡಿತು.

“ಮತ್ತೆ ನೀನು ಅವನನ್ನು ಇಬ್ಬರಾಗಿ ಮಾಡಿ, ಇಬ್ಬರ ಬಾಗಿಲನ್ನೂ ನನಗೆ ಮುಚ್ಚಿದ್ದೇಕೆ?”

ಗುಬ್ಬಚ್ಚಿ ಹಾರಿ ಯೇಸುವಿನ ಭುಜದ ಮೇಲೆ ಕುಳಿತು, ಮರಿಯ ವಿಷಯವನ್ನೆಲ್ಲ ಹೇಳಿಕೊಂಡಿತು.

ಮರುದಿನ ಬೆಳಿಗ್ಗೆ ಮರಿ ಒಂದು ತುತ್ತು ನುಂಗಿತು. ಅದನ್ನು ತಿಳಿಸಲು ಗುಬ್ಬಚ್ಚಿ ಮತ್ತೆ ಬಂದು ಕುಳಿತಾಗ ಹಲ್ಲಿ ಸಂಕೋಚದಿಂದ ಹತ್ತಿರ ಬಂತು.

“ತಂಗಿ, ಹೋದ ವರ್ಷ ಕಿಟಕಿಯ ಸಂದಿಗೆ ಸಿಕ್ಕಿ ನನ್ನ ಬಾಲ ಕಡಿದುಹೋಯಿತು. ಅದನ್ನು ಇಲ್ಲಿ ಹೇಳಬಹುದೇ?”

ಗುಬ್ಬಚ್ಚಿ ಸರಿದು ಜಾಗ ಬಿಟ್ಟಿತು.