ಕೌದಿಯ ಮೂಲೆಯ ಏಳು ಕಾಳು

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಹೊಲಿಗೆ ಪೆಟ್ಟಿಗೆಯ ಕತ್ತರಿ ಕಾಣೆಯಾಗಿತ್ತು.

ಮಡಿವಾಳಯ್ಯ ಪೆಟ್ಟಿಗೆಯನ್ನು ಮೂರು ಸಲ ಬುಡಮೇಲು ಮಾಡಿ ನೋಡಿದ. ಆಮೇಲೆ ಹೊಳೆಯ ಕಡೆ ಓಡಿದ. ಅಲ್ಲಿ ಅವನ ಗುರು, ಎಲ್ಲರೂ ಅಜ್ಜಾರು ಎಂದು ಕರೆಯುವ ಮುದುಕರು, ಮೆಟ್ಟಿಲ ಮೇಲೆ ಕೂತು ತಮ್ಮ ಹರಿದ ಅಂಗಿಗೆ ತೇಪೆ ಹಾಕುತ್ತಿದ್ದರು.

"ಅಜ್ಜಾರ, ಇನಾಸ ಕತ್ತರಿ ಕದ್ದಾನ್ರಿ."

"ನೋಡಿದೇನು?"

"ನೋಡಿಲ್ರಿ. ಅಂವಾ ಬಿಟ್ಟರ ಮತ್ತ್ಯಾರು ತಗೋತಾರ್ರಿ?"

ಅಜ್ಜಾರು ಹೊಲಿಯುತ್ತಲೇ ಇದ್ದರು.

ತಪ್ಪು ಮಾಡಿ ಸಿಕ್ಕಿಬಿದ್ದ ಎಳೆಯರನ್ನು ಬಾಲ ನ್ಯಾಯಮಂಡಳಿ ಹೊಳೆ ದಂಡೆಯ ಅಜ್ಜಾರ ಆಶ್ರಮಕ್ಕೆ ಕಳಿಸುತ್ತಿತ್ತು. ಅವರಿಗೆ ಬೇಕಾದ್ದನ್ನೆಲ್ಲ ಹೊಂದಿಸಿಕೊಡುವುದು ಮಡಿವಾಳಯ್ಯನ ಕೆಲಸ. ಈ ಸಲ ಬಂದವನು ಇನಾಸ ಸಿದ್ದಿ, ಹದಿನಾರು ವರ್ಷದವನು. ಅವನ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರು. ತಪ್ಪಿಸಿಕೊಂಡವರು ಕಾಡು ಸೇರಿ, ಎಷ್ಟೋ ತಲೆಮಾರಿನಿಂದ ಇಲ್ಲಿಯವರೇ ಆಗಿದ್ದರು. ಆದರೂ ಸಂತೆಯಲ್ಲಿ ಒಬ್ಬ ಅಂಗಡಿಯವನು ಅವನ ಗುಂಗುರು ಕೂದಲು ಹಿಡಿದೆಳೆದು, ಯಾವ ದೇಶದವನೋ ಎಂದು ನಕ್ಕಿದ್ದ. ಇನಾಸ ತಳ್ಳಿದ್ದ. ಬಿದ್ದವನ ಕೈ ಮುರಿದಿತ್ತು.

ನಾಳೆ ಹತ್ತು ಗಂಟೆಗೆ ವಿಚಾರಣೆ. ಆಶ್ರಮದ ವರದಿ ಚೆನ್ನಾಗಿದ್ದರೆ ಇನಾಸ ಅಜ್ಜಿಯ ಜೊತೆ ಮನೆಗೆ ಹೋಗುತ್ತಾನೆ. ಇಲ್ಲದಿದ್ದರೆ ದೂರದ ಊರಿನ ಎತ್ತರದ ಗೋಡೆಗಳ ಒಳಗೆ ಎರಡು ವರ್ಷ.

"ಅವನನ್ನ ಇವತ್ತ ಕಳಿಸಿಬಿಡೂಣ್ರಿ," ಎಂದ ಮಡಿವಾಳಯ್ಯ. "ನಾ ಏನ್ ಕಮ್ಮಿ ಮಾಡೀನ್ರಿ? ಸೋಮವಾರ ಡಾಕ್ಟರು, ಮಂಗಳವಾರ ಸಮಾಲೋಚಕರು, ಬುಧವಾರ ವಕೀಲರು, ಶುಕ್ರವಾರ ಹೊಲಿಗಿ ಮಾಸ್ತರು. ಒಬ್ಬರ ಮುಂದೂ ಬಾಯಿ ಬಿಡಲಿಲ್ಲ. ಹನ್ನೆರಡು ದಿನ ಆತು, ಹಾಸಿಗಿ ಮ್ಯಾಲ ಮಲಗಿಲ್ಲ. ಗ್ವಾಡಿಗೆ ಬೆನ್ನು ಹಚ್ಚಿ ಕುಂದರತಾನ. ನೋಡಿದರ ಎದಿ ಝಲ್ ಅಂತೈತ್ರಿ."

"ಗುರುವಾರ?"

"ಗುರುವಾರ ಯಾರೂ ಬರೂದಿಲ್ರಿ."

"ಒಬ್ಬಾಕಿ ಗೇಟಿನ ಹೊರಗ ಕುಂತಿದ್ದಳಲ್ಲ."

"ಅವನ ಅಜ್ಜಿ ರೀ. ಆಕಿ ಏನ್ ಕಲಿಸ್ತಾಳ್ರಿ?"

ಅಜ್ಜಾರು ದಾರವನ್ನು ಹಲ್ಲಿನಿಂದ ಕಡಿದರು. "ಕೈಯಾಗ ಏನರ ತಂದಿದ್ದಳೇನು?"

"ಮೊದಲನೇ ದಿನ ಹೊದಿಯಾಕ ಹಳೇ ಬಟ್ಟಿ ಸೇರಿಸಿ ಹೊಲದ ಒಂದು ಕೌದಿ ತಂದಿದ್ದಳ್ರಿ." ಮಡಿವಾಳಯ್ಯನ ದನಿ ತಗ್ಗಿತು. "ನಾಕೂ ಮೂಲಿಗೆ ಬಣ್ಣದ ಬಟ್ಟಿ ಮಡಚಿ ಹೂವಿನಂಗ ಹೊಲದಿದ್ದಳು. ಒಂದರಾಗ ಏನೋ ಗಟ್ಟಿ ಕೈಗೆ ಹತ್ತಿತು. ಬ್ಲೇಡ್ ಇರಬಹುದು, ಮತ್ತಿನ ಗುಳಿಗಿ ಇರಬಹುದು ಅಂತ ಅಂಜಿಕಿ ಬಂತು. ನಾಕೂ ಮೂಲಿ ಕತ್ತರಿಸಿ ತಗದೆ. ಆಮ್ಯಾಲ ತೊಳದು ಕೊಟ್ಟೀನ್ರಿ. ಸ್ವಚ್ಛ ಐತಿ."

"ಏನಿತ್ತು ಒಳಗ?"

"ಅಕ್ಕಿ ಕಾಳು."

"ರಿಜಿಸ್ಟರದಾಗ ಏನ್ ಬರದಿ?"

ಮಡಿವಾಳಯ್ಯ ಹೊಳೆಯ ಕಡೆ ಮುಖ ತಿರುಗಿಸಿದ. "ಸಂಶಯದ ವಸ್ತು ಸಿಕ್ಕಿತು ಅಂತ. ಬಿಚ್ಚಿ ನೋಡೂಕಿಂತ ಮೊದಲ ಬರದಿದ್ದೆ ರೀ."

ಅಜ್ಜಾರು ಸೂಜಿಗೆ ಹೊಸ ದಾರ ಪೋಣಿಸಿ ಅವನ ಕೈಗೆ ಕೊಟ್ಟರು.

"ಅವನ ಖೋಲಿಗೆ ಹೋಗು."

"ಒಬ್ಬನ? ಅವನ ಕೈಯಾಗ ಕತ್ತರಿ ಐತ್ರಿ ಅಜ್ಜಾರ."

"ಹಂಗಾರ ನಿನಗ ಕತ್ತರಿ ಬ್ಯಾಡ. ಸೂಜಿ ಸಾಕು."

ಹೊಳೆಯಿಂದ ಆ ಖೋಲಿಗೆ ನೂರು ಹೆಜ್ಜೆಯೂ ಇಲ್ಲ. ಮಡಿವಾಳಯ್ಯ ಮಾತ್ರ ಎರಡು ಸಲ ನಿಂತು ಹಿಂದೆ ತಿರುಗಿ ನೋಡಿದ. ಯಾತಕ್ಕೆ ಅಂಜುತ್ತೀ ಎಂದು ಯಾರಾದರೂ ಕೇಳಿದ್ದರೆ ಕತ್ತರಿಗೆ ಎನ್ನುತ್ತಿದ್ದ. ಆದರೆ ಕತ್ತರಿ ಕಳೆದದ್ದು ಇವತ್ತು. ಅಂಜಿಕೆ ಹನ್ನೆರಡು ದಿನದ್ದು. ಹುಡುಗ ಗೇಟು ದಾಟಿ ಬಂದಾಗ ಅವನ ಕಪ್ಪು ಮೈ, ಅಗಲ ಹೆಗಲು ಕಂಡಾಗಲೇ ಅದು ಒಳಗೆ ಹೊಕ್ಕಿತ್ತು. ಮಡಿವಾಳಯ್ಯನಿಗೆ ಅದು ಗೊತ್ತಿತ್ತು. ಗೊತ್ತಿದ್ದನ್ನು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ ಅಷ್ಟೇ.

ಬಾಗಿಲು ತಳ್ಳಿದ.

ಇನಾಸ ಬರಿಮೈಯಲ್ಲಿ, ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತಿದ್ದ. ಬಲಗೈಯಲ್ಲಿ ಕತ್ತರಿ, ಮೊನೆ ಮೇಲಕ್ಕೆ.

ಮಡಿವಾಳಯ್ಯನ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಓಡಿಬಿಡಬೇಕು ಎನ್ನುವಷ್ಟರಲ್ಲಿ ಅವನ ಕಣ್ಣು ಆ ಕತ್ತರಿಯ ಮೇಲೆ ನಿಂತಿತು.

ಕತ್ತರಿ ಗಡಗಡ ನಡುಗುತ್ತಿತ್ತು.

"ಪೊಲೀಸರನ್ನ ಕರೀತೀರೇನ್ರಿ?" ಇನಾಸ ಕೇಳಿದ. ಹನ್ನೆರಡು ದಿನದಲ್ಲಿ ಅವನಾಡಿದ ಮೊದಲ ಮಾತು ಅದು.

ಅವನ ತೊಡೆಯ ಮೇಲೆ ಅವನದೇ ಅಂಗಿ ಇತ್ತು. ಅದರಿಂದ ತ್ರಿಕೋನದ ತುಂಡುಗಳನ್ನು ಕತ್ತರಿಸಿಕೊಳ್ಳುತ್ತಿದ್ದ. ಮೂರು ತಯಾರಾಗಿದ್ದವು, ಒಂದರ ಅಂಚೂ ಸೊಟ್ಟ ಇರಲಿಲ್ಲ; ನಾಲ್ಕನೆಯದು ಅರ್ಧ ಆಗಿತ್ತು.

"ಅಂಗಿ ಯಾಕ ಕತ್ತರಿಸಿದಿ?" ಮಡಿವಾಳಯ್ಯ ಹೇಗೋ ಕೇಳಿದ.

"ನಾಳೆ ಅಜ್ಜಿ ಬರತಾಳ. ಮೂಲಿಗೆ ಹೂವು ಇಲ್ಲದ ಕೌದಿ ಬತ್ತಲೆ ಇದ್ದಂಗ್ರಿ. ನಾವು ಅದನ್ನ ಹೊತ್ಕೊಳ್ಳೂದಿಲ್ಲ. ಆಕಿ ಇದನ್ನ ನೋಡಿದರ, ನನ್ನನ್ನೂ ಇಲ್ಲೆ ಹಂಗ ನಿಲ್ಲಿಸ್ಯಾರ ಅಂತ ತಿಳೀತಾಳ."

"ಅಕ್ಕಿ ಯಾಕ ಇತ್ತು?"

"ಅದು ಕೌದಿ ಹೊಟ್ಟಿ. ಅಜ್ಜಿ ಏಳು ಕಾಳು ಇಟ್ಟು ಹೊಲೀತಾಳ. ಹೊತ್ಕೊಂಡಾಂವ ಎಲ್ಲೇ ಇದ್ದರೂ ಉಪಾಸ ಮಲಗಬಾರದು ಅಂತ."

ಆ ಏಳು ಕಾಳನ್ನು ಮಡಿವಾಳಯ್ಯ ಅಂಗಳದ ಗುಬ್ಬಿಗಳಿಗೆ ಚೆಲ್ಲಿದ್ದ.

"ಸೂಜಿ ಡಬ್ಬಿ ಮಾಸ್ತರು ಒಯ್ದಾರ," ಎಂದ ಇನಾಸ. "ಸೂಜಿ ಇಲ್ರಿ."

ಮಡಿವಾಳಯ್ಯ ಮುಷ್ಟಿ ಬಿಚ್ಚಿ ತೋರಿಸಿದ.

ಆಮೇಲೆ ಅಡುಗೆಮನೆಗೆ ಹೋಗಿ ಒಂದು ಹಿಡಿ ಅಕ್ಕಿ ತಂದ. ಇನಾಸ ಏಳು ಕಾಳು ಎಣಿಸಿಕೊಂಡು ಉಳಿದದ್ದನ್ನು ವಾಪಸ್ ಕೊಟ್ಟ. ಒಬ್ಬ ಬಟ್ಟೆ ಮಡಚಿ ಹಿಡಿದ, ಇನ್ನೊಬ್ಬ ಹೊಲಿದ. ಮಡಿವಾಳಯ್ಯನ ಹೊಲಿಗೆ ಸೊಟ್ಟ ಹೋದಲ್ಲೆಲ್ಲ ಇನಾಸ ಮುಲಾಜಿಲ್ಲದೆ ಬಿಚ್ಚಿಸಿದ. ನಾಲ್ಕನೆಯ ಮೂಲೆ ಮುಗಿದದ್ದೇ ತಡ, ಇನಾಸ ಕೌದಿ ಹೊದ್ದು ಹಾಡಹಗಲೇ ಮಲಗಿಬಿಟ್ಟ.

ಮಡಿವಾಳಯ್ಯ ಸೂಜಿ ಹಿಡಿದುಕೊಂಡು ಹೊಳೆಗೆ ಬಂದ. ಹೋಗುವಾಗಿನ ಅಂಜಿಕೆ ಈಗ ಇರಲಿಲ್ಲ. ಅದಕ್ಕಿಂತ ದೊಡ್ಡದೊಂದು ಬಂದು ಕೂತಿತ್ತು.

"ಕೌದಿಗೆ ಏಳು ಕಾಳಿನ ಮೂಲಿ ಹೊಲಿಯಾಕ ತನ್ನ ಅಂಗಿನ ಕತ್ತರಿಸಿದ್ದ ರೀ ಅಜ್ಜಾರ. ಅವನ ಕೈ ನಡಗತಿದ್ದವ್ರಿ. ನನಗ ಅಂಜಿ ನಡಗತಿದ್ದವು."

ಅಜ್ಜಾರು ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದರು; ಮಡಿವಾಳಯ್ಯ ಕೂತು ಮುಂದುವರಿಸಿದ.

"ಆ ರಿಜಿಸ್ಟರಿನ ನಕಲು ಆವಾಗನ ಮಂಡಳಿಗೆ ಹೋಗೇತ್ರಿ. ನಾಳೆ ಓದತಾರ. ಸಂಶಯದ ವಸ್ತು ಅಂತ ಓದಿದ ಮ್ಯಾಲ ಹುಡುಗನ್ನ ಬಿಡೂದಿಲ್ಲ. ಖರೆ ಬರದರ ನನ್ನ ಕೆಲಸ ಹೋಗತೈತಿ. ನಡತಿ ಚಲೋ ಐತಿ ಅಂತ ಒಂದ್ ಸಾಲು ಬರೀಲೇನ್ರಿ? ಅಷ್ಟ ಸಾಕಲ್ರಿ?"

"ಅಕ್ಕಿ ಅಂತ ಬರಿ," ಎಂದರು ಅಜ್ಜಾರು. "ಏಳು ಕಾಳು ಅಂತ ಬರಿ. ಅಂಜಿದಾಂವ ಯಾರು ಅಂತ ಬರದು ಹೆಸರು ಹಾಕು."

ಮಡಿವಾಳಯ್ಯ ತನ್ನ ಬೆರಳುಗಳನ್ನು ನೋಡಿಕೊಂಡ. "ನನ್ನ ಕೈ ನಡಗಾಕತ್ತಾವ್ರಿ."

ಅಜ್ಜಾರು ಸೂಜಿಯನ್ನು ಇಸಿದುಕೊಂಡು ತಮ್ಮ ಅಂಗಿಯ ಅಂಚಿಗೆ ಚುಚ್ಚಿಟ್ಟರು.

"ಆ ಹುಡುಗ ನಡಗೂ ಕೈಲೇ ಕತ್ತರಿಸಿದ ಮೂಲಿ ಸೊಟ್ಟ ಇದ್ದವೇನು?"